ಹೊಸ ಮನೆಯ ಗೊರಗೊರ

ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ವೈರ್‌ಮನ್ ಆವಲಪ್ಪನನ್ನು ಅರಿಯದವರು ಇರಲಿಲ್ಲ. ಅಂಥವರು ಯಾರಾದರೂ ಸಿಕ್ಕಿಬಿಟ್ಟರೆ ಅವನೇ ನಿಲ್ಲಿಸಿ, ತಾನು ಯಾರೆಂದು ಹೇಳಿ ಕಳಿಸುತ್ತಿದ್ದ. ಮೊಣಕಾಲು ಮುಚ್ಚುವ ಖಾಕಿ ಚಡ್ಡಿ, ಅದರ ಜೇಬಿನಿಂದ ಮೂತಿ ಚಾಚಿದ ಇಕ್ಕಳ, ಕಿವಿಯ ಮೇಲೊಂದು ಬೀಡಿ. ಸಾಸಲು ಕಡೆಯ ಬೇಸಾಯಗಾರರ ಮನೆಯ ಹುಡುಗ. ಯುದ್ಧ ನಡೆಯುತ್ತಿದ್ದಾಗ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ, ಮೊದಲು ಕಂಬಕ್ಕೆ ಗುಂಡಿ ತೋಡಿ, ಆಮೇಲೆ ಒಬ್ಬ ವೈರ್‌ಮನ್ನಿಗೆ ಏಣಿ ಹೊತ್ತು, ಯುದ್ಧ ಮುಗಿಯುವ ಹೊತ್ತಿಗೆ ತಾನೇ ವೈರ್‌ಮನ್ ಆಗಿ ಊರಿಗೆ ಬಂದಿದ್ದ. "ದೊರೆಗಳ ಬಂಗ್ಲೇಲೆಲ್ಲ ದೀಪ ಹತ್ಸಿದ್ದು ಈ ಕೈಯೇ ಕಣ್ರಪ್ಪಾ" ಎಂದು ಎರಡು ಕೈಯನ್ನೂ ತೋರಿಸುತ್ತಿದ್ದ. ಪೂರ್ತಿ ಸುಳ್ಳೇನಲ್ಲ. ಬೇರೆಯವರು ದೀಪ ಕಟ್ಟುವಾಗ ಏಣಿ ಅಲ್ಲಾಡದಂತೆ ಹಿಡಿದುಕೊಂಡದ್ದು ಆ ಕೈಗಳೇ.

ಹಾಗೆಂದು ಕೆಲಸ ಬಾರದವನಲ್ಲ. ಅವನು ಎಳೆದ ವೈರಿನಲ್ಲಿ ದೀಪ ಉರಿಯುತ್ತಿತ್ತು. ಒಂದೇ ತೊಂದರೆ ಏನೆಂದರೆ ಆ ಮಹಾರಾಯನಿಗೆ ತಾಳ್ಮೆ ಇರಲಿಲ್ಲ. ಎರಡು ವೈರು ಸೇರುವ ಕಡೆ ಬೆಸುಗೆ ಹಾಕಬೇಕೆಂದರೆ, ಬೆರಳಲ್ಲಿ ಹೊಸೆದು, ಹಲ್ಲಲ್ಲಿ ಕಚ್ಚಿ, "ಆಯ್ತು, ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನಾಗಲ್ಲ" ಎಂದು ಕೆಳಗಿಳಿಯುತ್ತಿದ್ದ. ಮೊಮ್ಮಕ್ಕಳ ಮಾತು ಹಾಗಿರಲಿ, ಮುಂದಿನ ಸೋಮವಾರ ದೀಪ ಕಣ್ಣು ಮಿಟುಕಿಸುತ್ತಿತ್ತು. ಕೇಳಿದರೆ ಇಲಿ ಕಡಿದಿದೆ ಎನ್ನುವನು. ಇಲಿಯಿಲ್ಲದ ಮನೆಯಾದರೆ ಗೋಡೆಗೆ ಸುಣ್ಣ ಜಾಸ್ತಿಯಾಗಿದೆ ಎನ್ನುವನು. ಎಣ್ಣೆ ಅಂಗಡಿಯ ಆಂಜಿನಪ್ಪ ಒಮ್ಮೆ, "ಏನಪ್ಪಾ ನೀನು, ಸ್ವಿಚ್ಚು ಮುಟ್ಟಿದ್ರೆ ಮೈಯೆಲ್ಲ ಜುಮ್ಮಂತದೆ" ಎಂದು ದೂರು ತಂದಾಗ ಆವಲಪ್ಪ ಅವನ ನಾಡಿ ಹಿಡಿದು ನೋಡಿ, "ನಿಮ್ಮ ಮೈಯಾಗೆ ಉಷ್ಣ ಹೆಚ್ಚಾಗದೆ. ಮಜ್ಜಿಗೆ ಕುಡೀರಿ" ಎಂದು ಕಳಿಸಿದ್ದ. ಪಾಪ, ಆಂಜಿನಪ್ಪ ಒಂದು ವಾರ ಮಜ್ಜಿಗೆ ಕುಡಿದ. ತಪ್ಪು ತನ್ನದೂ ಆಗಿರಬಹುದು ಎಂಬುದು ಆವಲಪ್ಪನ ತಲೆಗೆ ಹುಟ್ಟಿದಾರಭ್ಯ ಹೊಳೆದಿರಲಿಲ್ಲ.

ಇಂಥವನಿಗೂ ಒಂದು ಮೆತ್ತಗಿನ ಜಾಗ ಇತ್ತು. ತಂಗಿ ಗಂಗಲಕ್ಷ್ಮಮ್ಮ. ತಾಯಿ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ದನ ಮೇಯಿಸಿದವನು ಅವನು. ಆ ತಂಗಿಯನ್ನು ದೊಡ್ಡಬಳ್ಳಾಪುರದ ಮುನಿವೆಂಕಟಪ್ಪನವರ ಮಗ ರಾಮಾಂಜಿನಪ್ಪನಿಗೆ ಕೊಟ್ಟು ಮದುವೆ ಮಾಡಿದ ಬೇಸಗೆಯಲ್ಲೇ, ಮುನಿವೆಂಕಟಪ್ಪನವರು ಬೆಂಗಳೂರು ರಸ್ತೆಯ ಅಂಚಿನಲ್ಲಿ ಹೊಸ ಮನೆ ಕಟ್ಟಿ ಮುಗಿಸಿದ್ದರು. ಹೆಂಚಿನ ಮಾಡು, ಅಗಲವಾದ ಜಗಲಿ, ಆಳೆತ್ತರದ ಬಾಗಿಲು. ವೈರಿಂಗು ಯಾರಿಗೆ ಕೊಡುವುದೆಂದು ಅವರು ಯೋಚಿಸುವಷ್ಟರಲ್ಲಿ ಆವಲಪ್ಪ ಏಣಿ ಸಮೇತ ಹಾಜರಾಗಿದ್ದ.

"ಬೇರೆಯೋರ್ ಕೈಗೆ ಕೊಟ್ಟೀರ ಮತ್ತೆ! ತಂಗಿ ಮನೆ ಅಂದ್ರೆ ನನ್ನ ಮನೆ ಅಲ್ವಾ ಮಾವ. ದೀಪ ಅಷ್ಟೇ ಅಲ್ಲ, ನೀವು ರೇಡಿಯೋ ತನ್ನಿ, ಅದನ್ನೂ ನಾನೇ ಹಾಡಿಸ್ತೀನಿ."

ಮುನಿವೆಂಕಟಪ್ಪನವರಿಗೆ ರೇಡಿಯೋದ ಆಸೆ ಬಹಳ ದಿನದಿಂದ ಇತ್ತು. ತಂದೇಬಿಟ್ಟರು. ತೊಟ್ಟಿಲಷ್ಟು ದೊಡ್ಡ ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಹೊದಿಕೆ, ತಿರುಗಿಸುವುದಕ್ಕೆ ಬಿರಟೆಗಳು. ಅದು ಹಾಡಬೇಕಾದರೆ ಮನೆಯ ಮೇಲೆ ಉದ್ದನೆಯ ತಾಮ್ರದ ತಂತಿ ಕಟ್ಟಿ, ಅದರ ಒಂದು ಎಳೆಯನ್ನು ಒಳಗೆ ತಂದು ಪೆಟ್ಟಿಗೆಗೆ ಸಿಕ್ಕಿಸಬೇಕು. ಅದಕ್ಕೆ ಏರಿಯಲ್ಲು ಎನ್ನುವರು. ಇನ್ನೊಂದು ವೈರನ್ನು ಪೆಟ್ಟಿಗೆಯಿಂದ ಹೊರಗೆ ಒಯ್ದು ಕಬ್ಬಿಣದ ಸರಳಿಗೆ ಕಟ್ಟಿ ನೆಲದಲ್ಲಿ ಹೂಳಬೇಕು. ಆವಲಪ್ಪ ಇದೆಲ್ಲವನ್ನೂ ಗೃಹಪ್ರವೇಶದ ಹಿಂದಿನ ದಿನ, ಅಡಿಗೆಯವರು ಒಲೆ ಹೂಡುವಷ್ಟು ಹೊತ್ತಿನಲ್ಲಿ ಮಾಡಿ ಮುಗಿಸಿದ. ಏರಿಯಲ್ಲಿನ ಒಂದು ತುದಿಯನ್ನು ಮನೆಯ ಮಾಡಿಗೆ ಕಟ್ಟಿದ, ಇನ್ನೊಂದಕ್ಕೆ ಕಂಬ ಹುಡುಕುವುದೇಕೆಂದು ಹಿತ್ತಲಿನ ತೆಂಗಿನ ಮರಕ್ಕೆ ಬಿಗಿದ. ಎಳೆಯನ್ನು ಒಳಗೆ ತರಲು ಗೋಡೆ ಕೊರೆಯಬೇಕಿತ್ತು. ಕೊರೆಯುವವರು ಯಾರು? ಮುಂಬಾಗಿಲ ಮೇಲೊಂದು ಗವಾಕ್ಷಿ ಇತ್ತಲ್ಲ, ಅದರೊಳಗಿಂದ ತೂರಿಸಿದ. ಬಟ್ಟೆ ಸುತ್ತಿದ ವೈರು ಅಲ್ಲಿಯವರೆಗೆ ಸಾಲದೆ ಬಂದಾಗ, ಮೊಳದುದ್ದ ಬರಿ ತಂತಿಯನ್ನೇ ಹೊಸೆದು ಸೇರಿಸಿದ. ಉಳಿದ ತಂತಿಯ ತುಂಡುಗಳನ್ನು ಅಲ್ಲಲ್ಲೇ ಬಿಸಾಕಿದ.

ಆ ತುಂಡುಗಳನ್ನು ಆಯ್ದಿಟ್ಟವರು ತಂಗಿಯ ಅತ್ತೆ ಅಕ್ಕಯಮ್ಮ. ಯಾವುದನ್ನೂ ಎಸೆಯದ ಹೆಂಗಸು. ಮೊರದ ಅಂಚು ಕಟ್ಟಿದ್ದು ಆ ತಂತಿಯಿಂದ, ಹಿತ್ತಲ ಬೇಲಿ ಬಿಗಿದದ್ದು ಆ ತಂತಿಯಿಂದ, ಕೊನೆಗೆ ಕೋಳಿ ಪಂಜರದ ಬಾಗಿಲಿಗೂ ಅದೇ ತಂತಿ.

ಗೃಹಪ್ರವೇಶದ ದಿನ ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಜಗಲಿಯ ತುಂಬ ಜನ ಕೂತರು. ಮುನಿವೆಂಕಟಪ್ಪನವರು ಪೇಟ ಸರಿಮಾಡಿಕೊಂಡು ಬಿರಟೆ ತಿರುಗಿಸಿದರು. ಮೈಸೂರು ಸ್ಟೇಷನ್ನಿನ ಸಂಗೀತ ಬರಬೇಕು. ಬಂದದ್ದು ಗೊರ್ರ್ ಎಂಬ ಸದ್ದು, ನಡುವೆ ಯಾರೋ ಬಾವಿಯೊಳಗಿಂದ ಕೂಗಿದಂತೆ ಒಂದು ಆಲಾಪ, ಮತ್ತೆ ಗೊರ್ರ್. ಮುದುಕರೊಬ್ಬರು, "ಹಾಡೋನಿಗೆ ಕೆಮ್ಮೇನಪ್ಪಾ?" ಎಂದರು. ಜಗಲಿಯೆಲ್ಲ ನಗು. ಅಕ್ಕಯಮ್ಮ ಮಾತ್ರ ನಗಲಿಲ್ಲ. ಹೊಸ ಮನೆಯಲ್ಲಿ ಮೊದಲನೇ ದಿನವೇ ಗೊರಗುಟ್ಟುವ ಸದ್ದೆಂದರೆ ಏನರ್ಥ ಎಂದು ಅವರು ಸೆರಗಿನ ಮರೆಯಲ್ಲೇ ಕೇಳಿದರು.

"ತೆಂಗಿನ ಮರದ ತಪ್ಪು" ಎಂದ ಆವಲಪ್ಪ, ಒಂದು ಚೂರೂ ಅಳುಕದೆ. "ಅದು ನೆಟ್ಟಗೆ ನಿಲ್ಲಲ್ಲ ಮಾವ. ಗಾಳಿ ಬಂದಂಗೆಲ್ಲ ಓಲಾಡ್ತದೆ, ತಂತಿ ಎಳೀತದೆ. ಒಳ್ಳೇ ಜಾತಿ ಮರ ಹಾಕ್ಬೇಕಿತ್ತು ನೀವು."

ಕಂಬ ನೆಟ್ಟು ತಂತಿಯನ್ನು ಅದಕ್ಕೆ ಬದಲಾಯಿಸಿದ. ಗೊರಗೊರ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಮತ್ತೆ ಬಂದಾಗ, ಸರಳನ್ನು ಹೂತಿದ್ದ ಕಡೆ ನೆಲ ಒಣಗಿ ಹಪ್ಪಳದಂತಾಗಿತ್ತು. "ಮಣ್ಣು ಸರಿಯಿಲ್ಲ" ಎಂದ. ಸರಳನ್ನು ಕಿತ್ತು ಬಚ್ಚಲ ನೀರು ಹರಿಯುವ ಕಡೆ ಹೂತು, ಅದಕ್ಕೆ ದಿನಾ ಒಂದು ಬಿಂದಿಗೆ ನೀರು ಹುಯ್ಯಬೇಕೆಂದು ಅಪ್ಪಣೆ ಕೊಡಿಸಿದ. ಮನೆಯ ಸೊಸೆ ದಿನಾ ನೀರು ಹುಯ್ಯುತ್ತಿರುವ ವಸ್ತು ಎಂದಮೇಲೆ ಅದನ್ನು ಬರಿದಾಗಿ ಬಿಡುವುದು ಅಕ್ಕಯಮ್ಮನಿಗೆ ಸರಿಕಾಣಲಿಲ್ಲ. ಮೂರನೆಯ ದಿನ ಸರಳಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಅದು ನೀರಿನ ಪ್ರಭಾವವೋ ಕುಂಕುಮದ್ದೋ, ರೇಡಿಯೋ ಗಂಟಲು ಸರಿಮಾಡಿಕೊಂಡು ಹಾಡಿತು. ಸಂಜೆಯಾದರೆ ಮುನಿವೆಂಕಟಪ್ಪನವರ ಜಗಲಿಯಲ್ಲಿ ಅರ್ಧ ಬೀದಿ ಕೂರುವುದು ಶುರುವಾಯಿತು. ಆವಲಪ್ಪ ಪೇಟೆಯಲ್ಲಿ ಎದೆಯುಬ್ಬಿಸಿ ತಿರುಗಿದ. ಎಲ್ಲ ಸರಿಹೋಯಿತು ಎಂದುಕೊಂಡ.

ಎಲ್ಲಿಯ ಸರಿ!

ಹೊಸ ಮನೆಗೆ ದೃಷ್ಟಿ ತಾಕಬಾರದೆಂದು ಮುಂಬಾಗಿಲ ಮೇಲೆ ಬೂದುಗುಂಬಳಕಾಯಿ ಕಟ್ಟಿದ್ದರು, ಎಲ್ಲರೂ ಕಟ್ಟುವ ಹಾಗೆ. ಅದರ ಹುರಿಯನ್ನು ಅಳಿಲು ಕಡಿದು, ಕಾಯಿ ಮುನಿವೆಂಕಟಪ್ಪನವರ ಹೆಗಲಿನಿಂದ ಗೇಣು ದೂರದಲ್ಲಿ ಧೊಪ್ಪೆಂದು ಬಿದ್ದು ಒಡೆಯಿತು. ಅಮಾವಾಸ್ಯೆಯ ದಿನ ಅಕ್ಕಯಮ್ಮ ತಾವೇ ಸ್ಟೂಲು ಹತ್ತಿ ಹೊಸ ಕಾಯಿ ಕಟ್ಟಿದರು. "ಈ ಸಲ ಅಳಿಲಿನ ತಾತ ಬಂದ್ರೂ ಕಡಿಯಾಕಾಗಬಾರ್ದು" ಎಂದು ಶಪಥ ಮಾಡಿಯೇ ಕಟ್ಟಿದರು.

ಮಾರನೆಯ ಸಂಜೆಯಿಂದ ಗೊರಗೊರ ತಿರುಗಿ ಬಂತು. ಈ ಸಲ ಬಂದದ್ದು ಬೇರೆ ಥರ. ರೇಡಿಯೋ ಚೆನ್ನಾಗಿ ಹಾಡುತ್ತಿರುತ್ತದೆ. ಮುಸ್ಸಂಜೆಗೆ ಸೊಸೆ ಹಿಂಬಾಗಿಲು ಮುಚ್ಚಿ, ಕೈಯಲ್ಲಿ ದೀಪ ಹಿಡಿದು ಬಂದು ಮುಂಬಾಗಿಲು ತೆಗೆಯುತ್ತಾಳೆ. ಲಕ್ಷ್ಮಿ ಒಳಗೆ ಬರುವ ಹೊತ್ತು, ದಿನಾ ಮಾಡಲೇಬೇಕಾದ ಕೆಲಸ. ಬಾಗಿಲು ತೆರೆದು ಅವಳು ಹೊಸಿಲು ದಾಟಿದಳೋ ಇಲ್ಲವೋ, ಪೆಟ್ಟಿಗೆ ಹುಲಿಯ ಹಾಗೆ ಗೊರಗುಟ್ಟುತ್ತದೆ. ಒಂದು ದಿನವಲ್ಲ, ದಿನಾ. ಅಕ್ಕಯಮ್ಮ ಕಂಬಕ್ಕೊರಗಿ ಕೂತು ನೋಡಿದರು. ಸೊಸೆ ಹೊಸಿಲು ದಾಟಿದಳು, ಗೊರ್ರ್. ಮರುದಿನವೂ ನೋಡಿದರು. ಸೊಸೆ, ಗೊರ್ರ್. ಅವರ ಮುಖ ಗಂಟಿಕ್ಕಿಕೊಂಡಿತು.

ವಿಷಯ ಆವಲಪ್ಪನಿಗೆ ತಿಳಿದದ್ದು ಭಾವ ರಾಮಾಂಜಿನಪ್ಪ ಸೈಕಲ್ ತಳ್ಳಿಕೊಂಡು ಪೇಟೆಬೀದಿಯ ಅವನ ಪುಟ್ಟ ಅಂಗಡಿಯ ಮುಂದೆ ಬಂದು ನಿಂತಾಗ. ಒಳ್ಳೆಯ ಹುಡುಗ. ಹೆಂಡತಿ ಎಂದರೆ ಪ್ರಾಣ. ಆದರೆ ತಾಯಿಯ ಎದುರಿಗೆ ನಿಂತರೆ ಬಾಯಲ್ಲಿ ನಾಲಿಗೆ ಇದೆಯೆಂಬುದೇ ಅವನಿಗೆ ಮರೆತುಹೋಗುತ್ತಿತ್ತು.

"ಭಾವ, ರೇಡಿಯೋ ಮತ್ತೆ ಗೊರಗುಡ್ತಾ ಅದೆ."

"ಹಂಗಾದ್ರೆ ಮೈಸೂರ್ನಲ್ಲೇ ಏನೋ ಕೆಟ್ಟೋಗಿರ್ಬೇಕು. ನಾನು ಕಟ್ಟಿದ್ದು ಕಟ್ಟಿದ್ದೇ."

"ಅದಲ್ಲ ಭಾವ. ಗಂಗು ಹೊಸ್ಲು ದಾಟಿದ್ರೆ ಮಾತ್ರ ಗೊರಗುಡ್ತದೆ. ನಾನೂ ಕಣ್ಣಾರೆ ನೋಡ್ದೆ. ಅವ್ವ ಹೇಳ್ಬಿಟ್ಲು, ಇದು ಹುಡುಗಿ ಕಾಲ್ಗುಣ, ಮನೆದೇವ್ರು ಹಂಗೆ ಸದ್ದು ಮಾಡ್ತಾ ಅದೆ ಅಂತ. ಬರೋ ಅಮಾವಾಸ್ಯೆ ಒಳ್ಗೆ ನಿಲ್ದೆ ಇದ್ರೆ ಸಾಸಲಿಗೆ ಕಳ್ಸಿಬಿಡಿ, ಶಾಂತಿ ಗೀಂತಿ ಮಾಡ್ಸಿ ಆಮೇಲೆ ನೋಡುವಾ ಅಂತವ್ಳೆ."

ಕಾಲ್ಗುಣ ಸರಿಯಿಲ್ಲವೆಂದು ಹಳ್ಳಿಗೆ ವಾಪಸ್ಸು ಬಂದ ಹುಡುಗಿಯರನ್ನು ಆವಲಪ್ಪ ನೋಡಿದ್ದ. ಆಮೇಲೆ ನೋಡುವಾ ಎಂದವರು ನೋಡಲು ಬರುವುದೇ ಇಲ್ಲ. ಹುಡುಗಿ ತವರಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಮುದುಕಿಯಾಗುತ್ತಾಳೆ. ಬಾಯಲ್ಲಿ ಮಾತ್ರ, "ನಡಿ ಭಾವ, ಒಂದು ಗಳಿಗೆ ಕೆಲ್ಸ" ಎಂದು ಇಕ್ಕಳವನ್ನು ಜೇಬಿಗೆ ತುರುಕಿದ.

ಒಂದು ಗಳಿಗೆಯ ಕೆಲಸ ನಾಲ್ಕು ದಿನವಾಯಿತು. ಮಾಡು ಹತ್ತಿ ಏರಿಯಲ್ಲಿನ ಗಂಟುಗಳನ್ನೆಲ್ಲ ಬಿಚ್ಚಿ, ಮೊದಲ ಬಾರಿಗೆ ಬೆಸುಗೆ ಹಾಕಿದ. ಹಾಕುವಾಗ, ಹಿಂದೆ ಕಟ್ಟಿದವನು ಯಾರೋ ಕತ್ತೆ ಎಂಬಂತೆ ಬೈದುಕೊಂಡ. ದೀಪದ ವೈರು ರೇಡಿಯೋದ ವೈರಿನ ಪಕ್ಕದಲ್ಲೇ ಗೋಡೆಯುದ್ದಕ್ಕೂ ಜೋಡಿ ಎತ್ತಿನಂತೆ ಹೋಗುತ್ತಿದ್ದದ್ದನ್ನು ಕಂಡು ಬೇರೆ ಮಾಡಿದ. ಸರಳಿಗೆ ಎರಡು ಬಿಂದಿಗೆ ನೀರು ಹುಯ್ಯಿಸಿದ. ಹಗಲೆಲ್ಲ ರೇಡಿಯೋ ಗಾಜಿನಂತೆ ಸ್ವಚ್ಛ. ಮುಸ್ಸಂಜೆಗೆ ತಂಗಿ ಬಾಗಿಲು ತೆಗೆದರೆ ಗೊರ್ರ್.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಬಚ್ಚಲ ಹಿಂದೆ ಬೆವರೊರೆಸಿಕೊಳ್ಳುತ್ತಿದ್ದಾಗ ಗಂಗಲಕ್ಷ್ಮಮ್ಮ ಮಜ್ಜಿಗೆ ತಂದುಕೊಟ್ಟಳು. ಕಣ್ಣು ಊದಿಕೊಂಡಿತ್ತು.

"ಅಣ್ಣಯ್ಯ, ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳು ತಾಯಿ."

"ಇದು ನಿನ್ನ ವೈರಿಂಗಾ, ಇಲ್ಲ ನಿಜವಾಗ್ಲೂ ನನ್ನ ಕಾಲ್ಗುಣಾನಾ? ನಾನು ಹೊಸ್ಲಿಗೆ ಕಾಲಿಡೋ ಮುಂಚೆ ದೇವ್ರಿಗೆ ಕೈ ಮುಗೀತೀನಿ. ಬಲಗಾಲಿಟ್ಟು ನೋಡ್ದೆ, ಎಡಗಾಲಿಟ್ಟೂ ನೋಡ್ದೆ. ಹೆಂಗಿಟ್ರೂ ಗೊರಗುಡ್ತದಲ್ಲ ಅಣ್ಣಯ್ಯ."

ಯಾರೇ ಕೇಳಿದ್ದರೂ ಆವಲಪ್ಪನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: ಇಲಿ, ಸುಣ್ಣ, ಮಣ್ಣು, ಮೈಸೂರು. ಆವತ್ತು ಒಂದೂ ಬರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು, ತನ್ನ ಕಾಲನ್ನೇ ತಾನು ಅನುಮಾನದಿಂದ ನೋಡಿಕೊಳ್ಳುತ್ತ ನಿಂತಿತ್ತು. ಅವನು ಮಜ್ಜಿಗೆಯ ಲೋಟವನ್ನು ಕುಡಿಯದೆ ಕೆಳಗಿಟ್ಟ. ಕೋಪ ಬಂತು. ಅತ್ತೆಯ ಮೇಲೆ, ರೇಡಿಯೋ ಕಂಡುಹಿಡಿದ ಮಹಾನುಭಾವನ ಮೇಲೆ, ತನ್ನ ಮೇಲೂ.

"ಇವತ್ತು ಸಂಜೆ ತೋರಿಸ್ತೀನಿ ನೋಡು. ಯಾರ ಕಾಲು ಅಂತ ಗೊತ್ತಾಗ್ಲಿ" ಎಂದ. ಹೇಗೆ ತೋರಿಸುವುದೆಂದು ಅವನಿಗೂ ಗೊತ್ತಿರಲಿಲ್ಲ.

ಸಂಜೆ ಜಗಲಿ ತುಂಬಿತು. ಎಣ್ಣೆ ಅಂಗಡಿಯ ಆಂಜಿನಪ್ಪನೂ ಬಂದು ಮುಂದಿನ ಸಾಲಿನಲ್ಲೇ ಕೂತ. ಮಧ್ಯಾಹ್ನದ ಧೂಳಿಗೆಂದು ಮುಚ್ಚಿದ್ದ ಮುಂಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಕಿಟಕಿಯಿಂದ ಮೈಸೂರಿನ ಪಿಟೀಲು ಸೊಗಸಾಗಿ ಕೇಳುತ್ತಿತ್ತು. ಒಳಗಿಂದ ಗಂಗಲಕ್ಷ್ಮಮ್ಮ ದೀಪ ಕೆಳಗಿಟ್ಟು, ಬಾಗಿಲಿಗೆ ಎರಡೂ ಕೈ ಹಾಕಿ ಜಗ್ಗಿದಳು. ಹೊಸ ಬಾಗಿಲು, ಮರ ಇನ್ನೂ ಹಸಿ, ಜಗ್ಗದೆ ಬರುತ್ತಿರಲಿಲ್ಲ. ಚೌಕಟ್ಟೆಲ್ಲ ಅದುರಿ ಬಾಗಿಲು ತೆರೆಯಿತು. ಅವಳು ದೀಪ ಎತ್ತಿಕೊಂಡು ಹೊಸಿಲು ದಾಟಿದಳು. ಪಿಟೀಲು ಹೋಗಿ ಗೊರ್ರ್.

"ನೋಡ್ದೇನಯ್ಯಾ?" ಎಂದರು ಅಕ್ಕಯಮ್ಮ.

"ತಡೀರಿ ಅತ್ತೆ. ಸದ್ದು ನಿಲ್ಲಲಿ. ಈಗ ಒಬ್ಬೊಬ್ರೇ ಎಲ್ರೂ ದಾಟಿ."

ಸದ್ದು ತಾನಾಗಿ ನಿಂತಮೇಲೆ ಎಲ್ಲರೂ ದಾಟಿದರು. ಮುನಿವೆಂಕಟಪ್ಪನವರು ಪಂಚೆ ಎತ್ತಿಕೊಂಡು ದಾಟಿದರು. ಪಿಟೀಲು ನಿಲ್ಲಲಿಲ್ಲ. ರಾಮಾಂಜಿನಪ್ಪ ದಾಟಿದ, ಆಂಜಿನಪ್ಪ ಎರಡು ಸಲ ದಾಟಿದ. ಅಕ್ಕಯಮ್ಮ, ತಮ್ಮ ಕಾಲಿನ ಮೇಲೆ ಪೂರ್ತಿ ನಂಬಿಕೆಯಿಟ್ಟು, ನಿಧಾನವಾಗಿ ದಾಟಿದರು. ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಬಂದ ಕರುವೊಂದು ಯಾರೂ ಕರೆಯದೆಯೇ ಒಳಗೆ ಹೋಗಿ ಹೊರಗೆ ಬಂತು. ಪಿಟೀಲು ತನ್ನ ಪಾಡಿಗೆ ತಾನು ನಡೆದಿತ್ತು. ಕರುವಿನ ಕಾಲಿಗೂ ಬಾರದ ದೋಷ ನನ್ನ ತಂಗಿಯ ಕಾಲಿಗೇ ಬಂತೇ ಎಂದು ಆವಲಪ್ಪ ಕರುವನ್ನೇ ನೋಡಿದ. ತೋರಿಸಲು ಹೋದವನೇ ತಂಗಿಯನ್ನು ಇಡೀ ಬೀದಿಯ ಮುಂದೆ ಸಿಕ್ಕಿಸಿಹಾಕಿದ್ದ.

"ಬಾಗ್ಲು ಮುಚ್ಚು" ಎಂದ ಕೊನೆಗೆ, ಸೋತ ದನಿಯಲ್ಲಿ. "ಇನ್ನೊಂದು ಸಲ ತೆಗೀ ತಾಯಿ. ಮೆಲ್ಲಗೆ ಬೇಡ, ದಿನಾ ತೆಗಿಯೋ ಹಂಗೇ ತೆಗಿ."

ತಾನು ಅಂಗಳಕ್ಕಿಳಿದು ಬಾಗಿಲಿಗೆ ಎದುರಾಗಿ ನಿಂತ. ತಂಗಿ ಜಗ್ಗಿದಳು. ಚೌಕಟ್ಟು ಅದುರಿತು. ಅವಳು ಇನ್ನೂ ಹೊಸಿಲು ದಾಟಿರಲಿಲ್ಲ, ಕಾಲು ಒಳಗೇ ಇತ್ತು. ಪೆಟ್ಟಿಗೆ ಆಗಲೇ ಗೊರಗುಟ್ಟುತ್ತಿತ್ತು! ಆವಲಪ್ಪ ತಲೆಯೆತ್ತಿದ. ಬಾಗಿಲ ಮೇಲೆ ಕುಂಬಳಕಾಯಿ ತೂಗುತ್ತಿತ್ತು. ಅತ್ತ ಹೋದಾಗ ಗೊರ್ರ್, ಇತ್ತ ಬಂದಾಗ ಪಿಟೀಲು. ಅದನ್ನು ಹೊತ್ತಿದ್ದದ್ದು ಹುರಿಯಲ್ಲ. ಸಂಜೆಯ ಬೆಳಕಿನಲ್ಲಿ ಕೆಂಪಗೆ ಹೊಳೆಯುವ ತಾಮ್ರದ ತಂತಿ. ಕಬ್ಬಿಣದ ಕೊಂಡಿಯಿಂದ ಇಳಿದ ಆ ತಂತಿ, ಕಾಯಿ ತೂಗಿದಾಗಲೆಲ್ಲ ಗವಾಕ್ಷಿಯ ಪಕ್ಕದ ಬರಿ ಎಳೆಗೆ ಹೋಗಿ ಉಜ್ಜುತ್ತಿತ್ತು. ಆಕಾಶದಿಂದ ಇಳಿದು ಬಂದ ಪಿಟೀಲೆಲ್ಲ ಪೆಟ್ಟಿಗೆಗೆ ಹೋಗುವ ಬದಲು ಕುಂಬಳಕಾಯಿಗೆ ಹೋಗುತ್ತಿತ್ತು.

ಸಿಕ್ಕಿಬಿದ್ದಿತು! ಆವಲಪ್ಪನಿಗೆ ಕುಣಿಯುವಷ್ಟು ಸಂತೋಷ. ಅಲ್ಲಿ ಬರಿ ಎಳೆ ಬಿಟ್ಟವನು ಅವನೇ, ನಿಜ. ಆದರೆ ಅದರ ಮಗ್ಗುಲಿಗೆ ತಂತಿ ಕಟ್ಟಿ ಕುಂಬಳಕಾಯಿ ನೇತುಹಾಕಿ ಎಂದು ಅವನು ಯಾರಿಗೂ ಹೇಳಿರಲಿಲ್ಲ. ತೆಂಗಿನ ಮರವನ್ನೂ ಮಣ್ಣನ್ನೂ ಬೈದು ಬದುಕಿದವನಿಗೆ ಕೊನೆಗೂ ನಿಜವಾದ ಅಪರಾಧಿ ಸಿಕ್ಕಿತ್ತು. ಬೆರಳು ಮೇಲಕ್ಕೆ ಹೋಯಿತು, ಬಾಯಿ ತೆರೆಯಿತು.

"ಅತ್ತೇ, ಇದನ್ನ ಯಾರು..."

ಅಷ್ಟರಲ್ಲಿ ಅವನ ಕಣ್ಣು ಬಾಗಿಲಲ್ಲಿ ನಿಂತ ತಂಗಿಯ ಮೇಲೆ ಬಿತ್ತು. ಅವಳೂ ಮೇಲೆ ನೋಡಿದ್ದಳು. ಆ ಕಾಯಿ ಕಟ್ಟಿದವರು ಯಾರೆಂದು ಅವಳಿಗೆ ಗೊತ್ತಿತ್ತು, ಅವನಿಗಿಂತ ಮೊದಲೇ. ದೀಪ ಹಿಡಿದುಕೊಂಡೇ ತಲೆಯನ್ನು ಒಂದಿಷ್ಟೇ ಅತ್ತಿತ್ತ ಆಡಿಸಿದಳು. ಬೇಡ ಅಣ್ಣಯ್ಯ.

ಆವಲಪ್ಪ ದಡ್ಡನಲ್ಲ. ಬೀದಿಯ ಜನರೆಲ್ಲ ಕೂತ ಜಗಲಿಯಲ್ಲಿ, ಗೊರಗೊರ ಬಂದದ್ದು ಸೊಸೆಯಿಂದಲ್ಲ, ಅತ್ತೆಯಿಂದ ಎಂದರೆ ಇವತ್ತು ತಾನು ಗೆಲ್ಲಬಹುದು. ನಾಳೆ ತಾನು ಮನೆಗೆ ಹೋಗುವವನು. ಈ ಮನೆಯಲ್ಲಿ ಅತ್ತೆಯ ಜೊತೆ ಬಾಳಬೇಕಾದವಳು ಅವಳು, ಅದೂ ಬದುಕಿರುವವರೆಗೆ. ಮೇಲೆತ್ತಿದ ಬೆರಳನ್ನು ಏನು ಮಾಡುವುದೆಂದು ತೋಚದೆ ತಲೆ ಕೆರೆದುಕೊಂಡ.

"ಯಾರು ಏನು?" ಎಂದರು ಅಕ್ಕಯಮ್ಮ.

"ಇದನ್ನ ಯಾರು... ಇನ್ಯಾರು ಮಾಡ್ತಾರೆ ಅತ್ತೆ. ನಾನೇ ಮಾಡಿದ್ದು." ಆ ಮಾತು ಹೇಳಿ ಅಭ್ಯಾಸವಿಲ್ಲದೆ ನಾಲಿಗೆ ತಡವರಿಸಿತು. "ತಪ್ಪು ನಂದೇ. ಗೋಡೆ ಕೊರಿಯಾಕೆ ಸೋಮಾರಿತನ ಮಾಡ್ಕೊಂಡು ಬಾಗ್ಲು ಮೇಲಿಂದ ಎಳೆ ತಂದೆ. ವೈರು ಸಾಲ್ದೆ ಬರಿ ತಂತಿ ಹಾಕ್ದೆ. ಬಾಗ್ಲು ಜಗ್ಗಿದ್ರೆ ಚೌಕಟ್ಟು ಅದುರ್ತದೆ, ತಂತಿ ಕೊಂಡಿಗೆ ತಗಲ್ತದೆ, ಅದಕ್ಕೇ ಗೊರಗೊರ. ದಿನಾ ಸಂಜೆ ಬಾಗ್ಲು ತೆಗೆಯೋದು ಅವ್ಳೊಬ್ಳೇ ಅಲ್ವಾ? ಮನೇಲೂ ಏನೂ ಇಲ್ಲ, ಹುಡುಗೀಲೂ ಏನೂ ಇಲ್ಲ. ನಾನು ಕಚಡಾ ಕೆಲ್ಸ ಮಾಡಿದ್ದೆ, ಅಷ್ಟೇಯ."

ಆವಲಪ್ಪ ತಪ್ಪೊಪ್ಪಿಕೊಳ್ಳುವುದನ್ನು ಆ ಊರು ನೋಡಿರಲಿಲ್ಲ. ಆಂಜಿನಪ್ಪ ಎದ್ದು ನಿಂತ.

"ಹಂಗಾದ್ರೆ ನಮ್ಮ ಅಂಗಡಿ ಸ್ವಿಚ್ಚು?"

"ಅದೂ ನಂದೇ" ಎಂದ ಆವಲಪ್ಪ. ಒಂದು ಸಲ ಬಾಗಿಲು ತೆರೆದಮೇಲೆ ಇನ್ನೇನು.

"ಅಯ್ಯೋ ನಿನ್ನ! ಒಂದು ವಾರ ಮಜ್ಜಿಗೆ ಕುಡಿಸಿದೆಯಲ್ಲೋ, ಶೀತ ಆಗಿ ಮೂಗು ಕಟ್ಟಿಕೊಂಡಿತ್ತು ಕಣೋ ನಂಗೆ!"

ಜಗಲಿ ಬಿದ್ದು ಬಿದ್ದು ನಕ್ಕಿತು. ಮುನಿವೆಂಕಟಪ್ಪನವರು ಪೇಟ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಥೂ ನಿನ್ನ ಜಂಬಕ್ಕಿಷ್ಟು! ಒಂದು ಎಳೆ ತಂತಿಗೆ ನನ್ನ ಸೊಸೇನ ಊರು ಬಿಡಿಸ್ತಿದ್ದೆಯಲ್ಲಪ್ಪಾ. ಸುಮ್ನೆ ನಿಂತ್ಕೊಬೇಡ, ಏಣಿ ಹತ್ತು!" ಆವಲಪ್ಪ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಏಣಿ ಹತ್ತಿದ. ಜನಕ್ಕೆ ಬೆನ್ನು ಹಾಕಿ, ಕುಂಬಳಕಾಯಿಯನ್ನು ಮುಟ್ಟದೆ, ತನ್ನ ಎಳೆಯನ್ನು ಗವಾಕ್ಷಿಯಿಂದ ಕಿತ್ತು ಕಿಟಕಿಗೆ ತಂದ. ಮಾರನೆಯ ದಿನ ಗೋಡೆ ಕೊರೆದು, ಬಟ್ಟೆ ವೈರು ಹಾಕಿ, ಬೆಸುಗೆಯನ್ನೂ ಹಾಕಿದ.

ಪೇಟೆಯಲ್ಲಿ ಅವನಿಗೆ ಆಮೇಲೆ ಒಂದೇ ಹೆಸರು, ಗೊರಗೊರ ಆವಲಪ್ಪ. ಎದುರು ಸಿಕ್ಕವರೆಲ್ಲ, "ಏನು ಗುರು, ನಮ್ಮನೇದು ಇಲಿಯೋ, ಸುಣ್ಣವೋ, ನೀನೋ?" ಎಂದು ಕೇಳುವರು. ಹೊಸದಾಗಿ ಕಟ್ಟುತ್ತಿದ್ದ ಒಂದೆರಡು ಮನೆಯವರು ಬೇರೆ ವೈರ್‌ಮನ್ನನ್ನು ಕರೆಸಿದರು. ಒಂದೇ ಒಂದು ಮಾತು, ಕುಂಬಳಕಾಯಿ ಎಂಬ ಮಾತು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಆವಲಪ್ಪ ಪ್ರತಿಸಲ ಬೀಡಿ ಹೊಗೆಯ ಜೊತೆ ನುಂಗಿದ.

ಅಮಾವಾಸ್ಯೆ ಬಂತು. ತಂಗಿಯನ್ನು ಸಾಸಲಿಗೆ ಕಳಿಸಬೇಕಾಗಿದ್ದ ದಿನ. ಸಂಜೆಗೆ ಮುಂಚೆ ಅಕ್ಕಯಮ್ಮನೇ ಹೇಳಿಕಳಿಸಿದರು, ಏಣಿ ತಗೊಂಡು ಬಾ ಎಂದು. ಇನ್ನೇನು ಗ್ರಹಚಾರವೋ ಎಂದು ಆವಲಪ್ಪ ಅಳುಕುತ್ತಲೇ ಹೋದ. ಜಗಲಿಯ ಮೇಲೆ ಅಕ್ಕಯಮ್ಮ ಒಬ್ಬರೇ ಕೂತಿದ್ದರು. ಮುಂದೆ ಒಂದು ಹೊಸ ಬೂದುಗುಂಬಳಕಾಯಿ, ಪಕ್ಕದಲ್ಲಿ ತೆಂಗಿನ ನಾರಿನ ಹುರಿ, ಅವರೇ ಕೂತು ಹೊಸೆದದ್ದು.

"ಇದನ್ನ ಕಟ್ಟು."

"ನನ್ನ ಕೈ ಕೆಲ್ಸ ನಂಬ್ತೀರಾ ಅತ್ತೆ?"

"ಹುರೀಲಿ ಕಟ್ಟು. ತಂತಿ ಬ್ಯಾಡ."

ಆವಲಪ್ಪನ ಕೈ ಹುರಿಯ ಮೇಲೇ ನಿಂತಿತು. ಅಕ್ಕಯಮ್ಮ ಅವನ ಮುಖ ನೋಡದೆ ಕುಂಬಳಕಾಯಿಯ ಬೂದಿಯನ್ನು ಸೆರಗಿನಿಂದ ಒರೆಸುತ್ತ ಹೇಳಿದರು:

"ಅವತ್ತು ನೀನು ಮೇಲೆ ನೋಡ್ದಾಗ ನಾನೂ ನೋಡ್ದೆ ಕಣಪ್ಪಾ. ಸುಳ್ಳು ಹೇಳಾಕೂ ಬರಾಕಿಲ್ಲ ನಿಂಗೆ. ಮೊದಲನೇ ಸಲ ಕೆಲ್ಸ ನೆಟ್ಟಗೆ ಮಾಡ್ದೆ ನೋಡು."

ಅವನು ಏಣಿ ಹತ್ತಿದ. ಹಳೆಯ ಕಾಯಿ ಇಳಿಸಿ, ತಂತಿ ಬಿಚ್ಚಿ, ಹೊಸ ಕಾಯಿಯನ್ನು ಹುರಿಯಲ್ಲಿ ಕಟ್ಟಿದ. ಒಂದು ಗಂಟು ಹಾಕಿ ಇಳಿಯುವವನು ಅಂದು ಮೂರು ಗಂಟು ಹಾಕಿದ. ಬಿಚ್ಚಿದ ತಂತಿಯನ್ನು ಅಕ್ಕಯಮ್ಮ ಕೇಳಿ ಇಸಿದುಕೊಂಡು ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೋಳಿ ಪಂಜರಕ್ಕೆ ಇನ್ನೊಂದು ತುಂಡು ಬೇಕಾಗಿತ್ತು.

"ಗಂಗೂ" ಎಂದು ಒಳಗೆ ಕೂಗಿದರು. "ಹೊತ್ತು ಮುಳುಗ್ತಾ ಅದೆ, ಬಾಗ್ಲು ತೆಗಿಯವ್ವ. ನಿಮ್ಮಣ್ಣ ಬಂದವ್ನೆ, ಅವನಿಗೂ ಊಟಕ್ಕಿಡು."

ಒಳಗೆ ಬಳೆ ಸದ್ದಾಯಿತು. ಎರಡು ಕೈಗಳು ಬಾಗಿಲನ್ನು ಜಗ್ಗಿದವು. ಚೌಕಟ್ಟು ಅದುರಿತು, ಕುಂಬಳಕಾಯಿ ಅತ್ತಿತ್ತ ತೂಗಿತು, ಗಂಗಲಕ್ಷ್ಮಮ್ಮ ಕಾಲು ನೋಡಿಕೊಳ್ಳದೆ ಹೊಸಿಲು ದಾಟಿ ಬಂದಳು. ಹಿಂದೆ ರೇಡಿಯೋ ಹಾಡುತ್ತಲೇ ಇತ್ತು.